ಅತಿವಾಹಕ ಸೈಕ್ಲೋಟ್ರಾನ್: ಕಟ್ಟಿದ್ದು, ಕಾದದ್ದು, ನಮಗೆ ದಕ್ಕಬೇಕಾದದ್ದು

ಯಲಬುರ್ಗಾದಿಂದ ಹುಬ್ಬಳ್ಳಿಗೋ ಗಂಗಾವತಿಯಿಂದ ಹೊಸಪೇಟೆಗೋ ಹೋಗಿ ಎಂಆರ್‌ಐ ಸ್ಕ್ಯಾನ್ ಮಾಡಿಸಿಕೊಂಡು ಬಂದವರು ಈಗ ಊರೂರಲ್ಲೂ ಸಿಗುತ್ತಾರೆ. ಆ ಯಂತ್ರದ ಕೊಳವೆಯೊಳಗೆ ಅಲುಗಾಡದೆ ಮಲಗಿದ್ದಷ್ಟು ಹೊತ್ತೂ ಅವರ ಸುತ್ತ ಒಂದು ತಂತಿಯ ಸುರುಳಿ ಇತ್ತು. ನಿಯೋಬಿಯಂ ಮತ್ತು ಟೈಟಾನಿಯಂ ಬೆರೆಸಿ ಎಳೆದ ತಂತಿ ಅದು. ದ್ರವ ಹೀಲಿಯಂನಲ್ಲಿ ಮುಳುಗಿ ಶೂನ್ಯಕ್ಕಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದದ್ದು. ಅಷ್ಟು ತಣ್ಣಗಾದಾಗ ಆ ತಂತಿಯಲ್ಲಿ ವಿದ್ಯುತ್ತಿಗೆ ಅಡ್ಡಿಯೇ ಇರುವುದಿಲ್ಲ. ಒಮ್ಮೆ ಹರಿಯಬಿಟ್ಟ ಕರೆಂಟು ಬಿಸಿಯಾಗಿ ಕರಗಿಹೋಗದೆ ಸುತ್ತುತ್ತಲೇ ಇರುತ್ತದೆ, ಬಲವಾದ ಅಯಸ್ಕಾಂತವಾಗಿ ನಿಲ್ಲುತ್ತದೆ. ಇದೇ ಜಾತಿಯ ತಂತಿ, ಇದೇ ಹೀಲಿಯಂ, ಇದೇ ಬಗೆಯ ಅಯಸ್ಕಾಂತವನ್ನು ಪರಮಾಣುಗಳನ್ನು ಓಡಿಸುವುದಕ್ಕೆ ಬಳಸಿದರೆ ಅದು ಅತಿವಾಹಕ ಸೈಕ್ಲೋಟ್ರಾನ್.

ನಮ್ಮ ದೇಶದಲ್ಲಿ ಸಂಶೋಧನೆಗೆಂದು ಕಟ್ಟಿದ ಅಂಥ ಯಂತ್ರ ಇರುವುದು ಕೋಲ್ಕತ್ತದ ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಸೆಂಟರ್‌ನಲ್ಲಿ. ಹೆಸರು ಕೆ-500. ಅದನ್ನು ಹೇಗೆ ರೂಪಿಸಿದರು, ಕಟ್ಟಿದ ಮೇಲೂ ಕಣಗಳ ಕಿರಣ ಹೊರಬರಲು ಯಾಕೆ ಅಷ್ಟು ವರ್ಷ ಕಾಯಬೇಕಾಯಿತು, ಜಗತ್ತು ಈಗ ಈ ಬಗೆಯ ಯಂತ್ರಗಳನ್ನು ಎತ್ತ ಕೊಂಡೊಯ್ಯುತ್ತಿದೆ, ತುಂಗಭದ್ರೆಯ ಎಡದಂಡೆಯಲ್ಲಿ ಭತ್ತ ಬೆಳೆಯುವ ನಮಗೆ ಅದರಿಂದ ಏನು ಸಿಗಬೇಕು ಎಂಬುದನ್ನೆಲ್ಲ ಒಟ್ಟಿಗೆ ನೋಡುವ ಪ್ರಯತ್ನ ಇದು.

ಮೂಲ ತತ್ವ ಸರಳ. ವಿದ್ಯುದಂಶವಿರುವ ಕಣ, ಅಂದರೆ ಕೆಲವು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಪರಮಾಣು, ಅಯಸ್ಕಾಂತ ಕ್ಷೇತ್ರದಲ್ಲಿ ನೇರ ಹೋಗಲಾರದು. ಬಾಗಿ ವೃತ್ತ ಹಿಡಿಯುತ್ತದೆ. ಪ್ರತಿ ಸುತ್ತಿನಲ್ಲೂ ಸರಿಯಾದ ಗಳಿಗೆಗೆ ಒಂದೊಂದು ವಿದ್ಯುತ್ ತಳ್ಳು ಕೊಟ್ಟರೆ ಅದರ ವೇಗ ಹೆಚ್ಚುತ್ತದೆ, ವೃತ್ತ ಹಿಗ್ಗುತ್ತದೆ. ನಾಗರಪಂಚಮಿಯ ಜೋಕಾಲಿಯಲ್ಲಿ ಜೀಕುವವರು ಇದನ್ನು ಮೈಯಿಂದಲೇ ಬಲ್ಲರು: ತಳ್ಳುವ ಕೈ ಸಣ್ಣದಾದರೂ ನಡೆಯುತ್ತದೆ, ಹೊತ್ತು ತಪ್ಪಬಾರದು. ಅಮೆರಿಕದ ಬರ್ಕ್ಲಿಯಲ್ಲಿ ಅರ್ನೆಸ್ಟ್ ಲಾರೆನ್ಸ್ 1931ರಲ್ಲಿ ಅಂಗೈ ಮೇಲೆ ಇಡಬಹುದಾದಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಇದನ್ನು ಮಾಡಿ ತೋರಿಸಿದರು. ಅದರ ಅಗಲ ಸುಮಾರು ನಾಲ್ಕೂವರೆ ಇಂಚು. 1939ರಲ್ಲಿ ಅವರಿಗೆ ನೊಬೆಲ್ ಬಂತು.

ಆಮೇಲಿನ ಕಥೆ ಗಾತ್ರದ್ದು. ಹೆಚ್ಚು ಶಕ್ತಿ ಬೇಕೆಂದರೆ ದೊಡ್ಡ ವೃತ್ತ ಬೇಕು, ಇಲ್ಲವೇ ಬಲವಾದ ಕ್ಷೇತ್ರ ಬೇಕು. ಕಬ್ಬಿಣದ ತಿರುಳು ಮತ್ತು ತಾಮ್ರದ ಸುರುಳಿಯ ಮಾಮೂಲಿ ಅಯಸ್ಕಾಂತ ಎರಡು ಟೆಸ್ಲಾ (ಕಾಂತ ಕ್ಷೇತ್ರದ ಅಳತೆ) ಹತ್ತಿರ ಬರುವಷ್ಟರಲ್ಲಿ ಸುಸ್ತಾಗುತ್ತದೆ. ಕಬ್ಬಿಣ ಅದಕ್ಕಿಂತ ಹೆಚ್ಚು ಕಾಂತೀಯತೆ ಹೊರಲಾರದು. ಹಾಗಾಗಿ ವೃತ್ತವನ್ನು ಹಿಗ್ಗಿಸುವುದೊಂದೇ ದಾರಿಯಾಗಿತ್ತು, ಜತೆಗೆ ಉಕ್ಕಿನ ತೂಕ ನೂರಾರು, ಸಾವಿರಾರು ಟನ್ನಿಗೆ ಏರುತ್ತಿತ್ತು. ಅತಿವಾಹಕ ಸುರುಳಿ ಬಂದು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಕೋಲ್ಕತ್ತದ ಒಂದೇ ಆವರಣದಲ್ಲಿರುವ ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹಳೆಯ ಕೆ-130 ಸೈಕ್ಲೋಟ್ರಾನ್‌ನ ಅಯಸ್ಕಾಂತ 262 ಟನ್. ಕಣ ಹೊರಬೀಳುವ ವೃತ್ತದ ತ್ರಿಜ್ಯ ಹತ್ತಿರಹತ್ತಿರ ಒಂದು ಮೀಟರ್. ಹೊಸ ಕೆ-500ರ ತ್ರಿಜ್ಯ ಸುಮಾರು 67 ಸೆಂಟಿಮೀಟರ್, ಉಕ್ಕು ನೂರು ಟನ್ನಿನ ಆಸುಪಾಸು. ಹೆಸರಿನಲ್ಲಿರುವ ಸಂಖ್ಯೆ ಶಕ್ತಿಯ ಅಳತೆಗೋಲು, 130 ಎಲ್ಲಿ, 500 ಎಲ್ಲಿ! ಚಿಕ್ಕ ಮೈಯಲ್ಲಿ ನಾಲ್ಕು ಪಟ್ಟು ಸಾಮರ್ಥ್ಯ. ಕೆ-500ರ ಕ್ಷೇತ್ರ ಐದು ಟೆಸ್ಲಾ ದಾಟಬಲ್ಲುದು ಎಂಬುದೇ ಇದರ ಗುಟ್ಟು.

ಕೋಲ್ಕತ್ತದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು, ಅದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಭೌತವಿಜ್ಞಾನಿ ಮೇಘನಾದ ಸಾಹಾ 1940ರ ದಶಕದಲ್ಲಿ ಅಲ್ಲಿ ದೇಶದ ಮೊದಲ ಸೈಕ್ಲೋಟ್ರಾನ್ ಕಟ್ಟಹೊರಟರು. ಲಾರೆನ್ಸ್ ಬಳಿ ಕಲಿತು ಬಂದ ಬಿ.ಡಿ. ನಾಗ್ ಚೌಧುರಿ ಅವರ ಬೆನ್ನಿಗಿದ್ದರು. ಎರಡನೇ ಮಹಾಯುದ್ಧದಲ್ಲಿ ಹಡಗಿನಲ್ಲಿ ಬರುತ್ತಿದ್ದ ಭಾಗಗಳು ಸಮುದ್ರದ ಪಾಲಾದವು. ಯಂತ್ರ ಪೂರ್ತಿಯಾಗುವುದು ವರ್ಷಗಟ್ಟಲೆ ಎಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಅಂಥದೇ ಆಸೆ ಇತ್ತು. ಕೇಂಬ್ರಿಜ್‌ನ ಸೈಕ್ಲೋಟ್ರಾನ್ ಮೇಲೆ ದುಡಿದು ಬಂದಿದ್ದ ಆರ್.ಎಸ್. ಕೃಷ್ಣನ್ ಅಲ್ಲಿ ಭೌತಶಾಸ್ತ್ರ ವಿಭಾಗದ ಹೊಣೆ ಹೊತ್ತರು. ಆದರೆ ಅಣುವಿಜ್ಞಾನದ ಹಣವೂ ಯಂತ್ರವೂ ಮುಂಬೈಯಲ್ಲೇ ಒಟ್ಟುಗೂಡಬೇಕೆಂಬ ಅಂದಿನ ನೀತಿಯಲ್ಲಿ ಬೆಂಗಳೂರಿನ ಆಸೆ ಚಿಗುರಲಿಲ್ಲ. ಅದು ಚಿಗುರಿದ್ದರೆ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯ ಕಲಿತವರ ಸಂಖ್ಯೆ ಇಂದು ಬೇರೆಯೇ ಇರುತ್ತಿತ್ತು ಎಂದು ನನಗೆ ಅನಿಸುತ್ತದೆ.

ಮುಂದೆ ಕೋಲ್ಕತ್ತದ ಬಿಧಾನನಗರದಲ್ಲಿ ಕೆ-130 ಎದ್ದಿತು. ಬರ್ಕ್ಲಿಯ 88 ಇಂಚಿನ ಯಂತ್ರದ ಮಾದರಿಯಲ್ಲಿ ಇಲ್ಲೇ ಕಟ್ಟಿದ ಅದರಲ್ಲಿ ಮೊದಲ ಕಿರಣ ಕಾಣಿಸಿಕೊಂಡದ್ದು 1977ರ ಜೂನ್ 16ರಂದು. ಆ ಯೋಜನೆಯ ಹಿಂದೆ ನಿಂತವರಲ್ಲಿ ಮುಖ್ಯರು ನಮ್ಮ ತುಮಕೂರಿನಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣ; ಆ ಹೊತ್ತಿಗೆ ಅವರು ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದರು. ಪೋಖ್ರಣ್ ಸ್ಫೋಟದ ಜತೆಗೆ ಮಾತ್ರ ಅವರನ್ನು ನೆನೆಯುವ ರೂಢಿ ನಮ್ಮಲ್ಲಿದೆ. ದೇಶದ ವೇಗವರ್ಧಕ ವಿಜ್ಞಾನಕ್ಕೆ ಅವರು ಹಾಕಿದ ಅಡಿಪಾಯವನ್ನು ಅಷ್ಟೇ ಗೌರವದಿಂದ ನೆನೆಯಬೇಕು. ಇಂದೋರಿನ ವೇಗವರ್ಧಕ ಕೇಂದ್ರಕ್ಕೆ 2005ರಲ್ಲಿ ಅವರ ಹೆಸರಿಟ್ಟದ್ದು ಸುಮ್ಮನಲ್ಲ. ಆ ಇಂದೋರ್ ಕೇಂದ್ರದ ನೆರವಿನಿಂದಲೇ ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ ಆವರಣಕ್ಕೆ 8 ಎಂಇವಿ (ದಶಲಕ್ಷ ಎಲೆಕ್ಟ್ರಾನ್ ವೋಲ್ಟ್) ಮೈಕ್ರೋಟ್ರಾನ್ ಬಂತು. ಎಲೆಕ್ಟ್ರಾನುಗಳನ್ನು ಓಡಿಸುವ ಚಿಕ್ಕ ಯಂತ್ರವಾದರೂ ಕನ್ನಡದ ನೆಲದಲ್ಲಿ ವಿಶ್ವವಿದ್ಯಾಲಯದ ಹುಡುಗರು ಕೈಯಾರೆ ಮುಟ್ಟಿ ಕಲಿಯಬಹುದಾದ ವೇಗವರ್ಧಕ ಅದು.

ಜಗತ್ತಿನ ಮೊದಲ ಅತಿವಾಹಕ ಸೈಕ್ಲೋಟ್ರಾನ್ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ್ದು. ಹೆನ್ರಿ ಬ್ಲಾಸರ್ ಅವರ ತಂಡ ಕಟ್ಟಿದ ಆ ಕೆ-500 ಓಡತೊಡಗಿದ್ದು 1982ರಲ್ಲಿ. ಕೆನಡಾದ ಚಾಕ್ ರಿವರ್‌ನದು ಅದರ ಬೆನ್ನಿಗೇ ಬಂತು. ಟೆಕ್ಸಾಸ್ ಎ ಆಂಡ್ ಎಂ ವಿಶ್ವವಿದ್ಯಾಲಯ 1980ರ ದಶಕದ ಕೊನೆಯಲ್ಲಿ, ಇಟಲಿಯ ಕಟಾನಿಯಾ ಮತ್ತು ನೆದರ್ಲೆಂಡ್ಸ್‌ನ ಗ್ರೋನಿಂಗನ್ 1990ರ ದಶಕದಲ್ಲಿ ತಮ್ಮವನ್ನು ನಡೆಸಿದವು. ಕೋಲ್ಕತ್ತದ ಯಂತ್ರ ಮಿಷಿಗನ್ ಮತ್ತು ಟೆಕ್ಸಾಸ್ ಮಾದರಿಗಳ ಬಳಗಕ್ಕೆ ಸೇರಿದ್ದು. ಮಾದರಿ ಇದೆಯಲ್ಲ, ನಕಲು ಮಾಡಿದರಾಯಿತು ಎಂದು ಹೊರಗಿನವರಿಗೆ ಅನಿಸುತ್ತದೆ. ನಕ್ಷೆ ಸಿಕ್ಕರೂ ಉಕ್ಕು ಬೇರೆ, ಲೇತು ಬೇರೆ, ಅಳತೆ ಹಿಡಿಯುವ ಕೈ ಬೇರೆ. ಇಂಥ ಯಂತ್ರವನ್ನು ಪ್ರತಿಯೊಂದು ದೇಶವೂ ಒಂದು ಬಾರಿ ತಾನೇ ಮೊದಲಿನಿಂದ ಕಲಿಯಬೇಕಾಗುತ್ತದೆ.

ರೂಪಿಸುವ ಕೆಲಸ ಉಕ್ಕಿನಿಂದ ಶುರು. ಬೇವಿನಹಳ್ಳಿ, ಗಿಣಿಗೇರಿ ಕಡೆಯ ಕಾರ್ಖಾನೆಗಳ ಬೀಡುಕಬ್ಬಿಣವನ್ನು ನಾವು ದಿನವೂ ಲಾರಿಗಳಲ್ಲಿ ನೋಡುತ್ತೇವೆ. ಅದರಲ್ಲಿ ಇಂಗಾಲ ನೂರಕ್ಕೆ ಮೂರು ನಾಲ್ಕು ಪಾಲು ಇರುತ್ತದೆ. ಸೈಕ್ಲೋಟ್ರಾನ್ ಉಕ್ಕಿನಲ್ಲಿ ಇಂಗಾಲ ತೀರಾ ಕಡಿಮೆ ಇರಬೇಕು, ಒಳಗೆ ಗುಳ್ಳೆ ಬಿರುಕು ಇರಬಾರದು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗುಣ ಬದಲಾಗಬಾರದು. ಒಂದು ಕಡೆ ಕಾಂತೀಯತೆ ಕೂದಲೆಳೆಯಷ್ಟು ಹೆಚ್ಚಾದರೂ ಕಣದ ದಾರಿ ಆ ಕಡೆ ವಾಲುತ್ತದೆ. ಈ ಉಕ್ಕಿನ ಎರಡು ಧ್ರುವಗಳ ಮೇಲೆ ಸುರುಳಿಯಾಗಿ ತಿರುಚಿದ ಮೂರು ಮೂರು ದಿಬ್ಬಗಳಿರುತ್ತವೆ, ನಡುವೆ ತಗ್ಗುಗಳು. ಕಣದ ವೇಗ ಬೆಳಕಿನ ವೇಗದ ಕಡೆಗೆ ಏರಿದಂತೆ ಅದು ಭಾರವಾದಂತೆ ವರ್ತಿಸಿ ತಳ್ಳಿನ ತಾಳಕ್ಕೆ ಹಿಂದೆ ಬೀಳುತ್ತದೆ; ಅದನ್ನು ಸರಿದೂಗಿಸಲು ಅಂಚಿನ ಕಡೆ ಕ್ಷೇತ್ರ ಹೆಚ್ಚುತ್ತ ಹೋಗಬೇಕು. ಹಾಗೆ ಹೆಚ್ಚಿಸಿದರೆ ಕಿರಣ ಮೇಲೆ ಕೆಳಗೆ ಚದುರುತ್ತದೆ. ದಿಬ್ಬ ತಗ್ಗುಗಳನ್ನು ದಾಟುವಾಗ ಬೀಳುವ ಪೆಟ್ಟುಗಳು ಚದುರಿದ್ದನ್ನು ಮತ್ತೆ ನಡುವಿಗೆ ತರುತ್ತವೆ. ಭೌತವಿಜ್ಞಾನಿ ಎಲ್. ಎಚ್. ಥಾಮಸ್ 1938ರಲ್ಲೇ ಈ ಉಪಾಯ ಹೇಳಿದ್ದರು.

ಮುಂದಿನದು ಸುರುಳಿ. ತಾಮ್ರದಲ್ಲಿ ಹುದುಗಿಸಿದ ನಿಯೋಬಿಯಂ-ಟೈಟಾನಿಯಂ ಎಳೆಗಳ ಕೇಬಲ್ಲನ್ನು ಕೋಲ್ಕತ್ತದ ಕೇಂದ್ರದಲ್ಲೇ ಸುತ್ತಿದರು. ಒಟ್ಟು ಉದ್ದ ಸುಮಾರು 35 ಕಿಲೋಮೀಟರ್. ಕೊಪ್ಪಳದಿಂದ ಹೊಸಪೇಟೆ ದಾರಿ ಹಿಡಿದು ತುಂಗಭದ್ರಾ ಅಣೆಕಟ್ಟು ದಾಟುವಷ್ಟು ತಂತಿ, ಎಲ್ಲೂ ಸಡಿಲವಾಗದೆ, ಎಲ್ಲೂ ನಿರೋಧಕ ಹರಿಯದೆ, ಪದರದ ಮೇಲೆ ಪದರವಾಗಿ ಕೂರಬೇಕು. ಪದರಗಳ ನಡುವೆ ದ್ರವ ಹೀಲಿಯಂ ಹರಿದಾಡಲು ದಾರಿ ಬಿಡಬೇಕು. ಪೂರ್ತಿ ಕರೆಂಟು ಹರಿದಾಗ ಸುರುಳಿಯಲ್ಲಿ ಸಂಗ್ರಹವಾಗುವ ಶಕ್ತಿ 20 ದಶಲಕ್ಷ ಜೂಲ್ ದಾಟುತ್ತದೆ. ತಂತಿ ಒಂದು ಕಡೆ ಕದಲಿ ಚೂರು ಬಿಸಿಯಾದರೆ ಅಲ್ಲಿ ಅತಿವಾಹಕತೆ ಹೋಗುತ್ತದೆ, ಪ್ರತಿರೋಧ ಹುಟ್ಟುತ್ತದೆ, ಬಿಸಿ ಹಬ್ಬುತ್ತದೆ, ಹೀಲಿಯಂ ಕುದಿದು ಅನಿಲವಾಗುತ್ತದೆ. ಒಂದು ಲೀಟರ್ ದ್ರವ ಹೀಲಿಯಂ ಕೋಣೆಯ ಉಷ್ಣತೆಗೆ ಬಂದರೆ ಏಳುನೂರು ಲೀಟರಿಗೂ ಹೆಚ್ಚಿನ ಅನಿಲ. ಅತಿವಾಹಕತೆ ಹೀಗೆ ತಟ್ಟನೆ ಹೋಗುವುದನ್ನು ಈ ಕೆಲಸದವರು ಕ್ವೆಂಚ್ ಎನ್ನುತ್ತಾರೆ. ಅದಕ್ಕೆ ಹೆದರಿಯೇ ಶಕ್ತಿಯನ್ನು ಹೊರಗಿನ ರೆಸಿಸ್ಟರ್‌ಗೆ ಇಳಿಸುವ ವ್ಯವಸ್ಥೆ, ಅನಿಲ ಹೊರಬಿಡುವ ವಾಲ್ವು, ಎಚ್ಚರಿಕೆಯ ಸರ್ಕ್ಯೂಟು ಎಲ್ಲವನ್ನೂ ಮೊದಲೇ ಕಟ್ಟಿರುತ್ತಾರೆ.

ಹೀಲಿಯಂ ನಮ್ಮಲ್ಲಿ ಅಪರೂಪ, ಬಹುಪಾಲು ಹೊರಗಿನಿಂದಲೇ ಬರಬೇಕು. ಕೋಲ್ಕತ್ತದವರು ಬೀರ್‌ಭೂಮ್ ಜಿಲ್ಲೆಯ ಬಕ್ರೇಶ್ವರದ ಬಿಸಿನೀರಿನ ಬುಗ್ಗೆಗಳಿಂದ ಏಳುವ ಗುಳ್ಳೆಗಳಲ್ಲಿ ಹೀಲಿಯಂ ಹಿಡಿಯುವ ಪ್ರಯತ್ನವನ್ನೂ ಮಾಡಿದರು ಎಂಬುದು ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ. ಬೇಕಾದದ್ದು ಪೇಟೆಯಲ್ಲಿ ಸಿಗದಿದ್ದಾಗ ನೆಲವನ್ನೇ ಕೇಳುವ ಬುದ್ಧಿ ಅದು.

ಉಳಿದ ಅಂಗಗಳನ್ನು ಬೇಗ ದಾಟುತ್ತೇನೆ. ಕಣ ತಳ್ಳಲು ಮೂರು ಡೀ ಎಂಬ ತಾಮ್ರದ ಎಲೆಕ್ಟ್ರೋಡುಗಳು, ಸೆಕೆಂಡಿಗೆ 90 ಲಕ್ಷದಿಂದ 2 ಕೋಟಿ 70 ಲಕ್ಷ ಬಾರಿ ಅದಲುಬದಲಾಗುವ ರೇಡಿಯೋ ಅಲೆಯ ವೋಲ್ಟೇಜು. ಗಾಳಿಯ ಅಣು ಅಡ್ಡ ಬರದಂತೆ ಅತ್ಯುನ್ನತ ನಿರ್ವಾತ. ಉಳಿದ ಅನಿಲವನ್ನು ಹೆಪ್ಪುಗಟ್ಟಿಸಿ ಹಿಡಿಯುವ ತಣ್ಣನೆಯ ಫಲಕಗಳು. ಪರಮಾಣುವಿನ ಎಲೆಕ್ಟ್ರಾನುಗಳನ್ನು ಕಿತ್ತು ಅಯಾನು ತಯಾರಿಸುವ ಮೂಲವನ್ನು ಯಂತ್ರದ ಹೊರಗಿಟ್ಟು, ಅಲ್ಲಿಂದ ಅಯಾನುಗಳನ್ನು ಧ್ರುವದ ನಡುವಿನ ರಂಧ್ರದ ಮೂಲಕ ಮಧ್ಯಕ್ಕೆ ತರುತ್ತಾರೆ. ಚಿಕ್ಕ ಮೈ ಎಂದು ಹೊಗಳಿದ್ದಕ್ಕೆ ಇಲ್ಲಿ ಬೆಲೆ ತೆರಬೇಕು. ಧ್ರುವಗಳ ನಡುವಿನ ಸಂದು ಕೆಲವೇ ಸೆಂಟಿಮೀಟರ್. ಅದರೊಳಗೆ ಒಂದು ಲಕ್ಷ ವೋಲ್ಟಿನ ಹತ್ತಿರದ ಎಲೆಕ್ಟ್ರೋಡುಗಳನ್ನು ಕಿಡಿ ಹಾರದಂತೆ ಕೂರಿಸಬೇಕು.

ಇಷ್ಟಾದ ಮೇಲೆ ಕಾರ್ಯಾರಂಭ. ಈ ಇಡೀ ವಿಷಯದಲ್ಲಿ ನಿಂತು ನೋಡಬೇಕಾದ ಭಾಗ ಇದೇ. ಆರ್. ಕೆ. ಭಂಡಾರಿ ಅವರ ಮುಂದಾಳತ್ವದ ತಂಡ 2005ರಲ್ಲಿ ಸುರುಳಿಯನ್ನು ತಣಿಸಿ ಅಯಸ್ಕಾಂತಕ್ಕೆ ಕರೆಂಟು ಕೊಟ್ಟಿತು. ಬಿಕಾಸ್ ಸಿನ್ಹಾ ಆಗ ಕೇಂದ್ರದ ನಿರ್ದೇಶಕರು. ಕ್ಷೇತ್ರವನ್ನು ಬಿಂದು ಬಿಂದುವಾಗಿ ಅಳೆದರು. ಡೀಗಳನ್ನು, ನಿರ್ವಾತ ಪೆಟ್ಟಿಗೆಯನ್ನು ಜೋಡಿಸಿದರು. 2009ರ ಆಗಸ್ಟ್‌ನಲ್ಲಿ ನಿಯಾನ್ ಅಯಾನುಗಳು ನಡುವಿನಿಂದ ಅಂಚಿನವರೆಗೆ ಸುತ್ತಿ ಬಂದವು. ಆ ದಿನ ಕೇಂದ್ರದಲ್ಲಿ ಎಂಥ ಸಂಭ್ರಮ ಇದ್ದಿರಬೇಕೋ ಊಹಿಸಬಹುದು. ಆದರೆ ಕಿರಣ ಯಂತ್ರದೊಳಗೇ ಇತ್ತು. ಪ್ರಯೋಗ ನಡೆಸುವವನಿಗೆ ಬೇಕಾದದ್ದು ಹೊರಗೆ ಬಂದ ಕಿರಣ. ಅದು ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದನ್ನು ಹತ್ತಿರದಿಂದ ನೋಡೋಣ. ಕಣ ಕೆಲವು ನೂರು ಸುತ್ತು ಹಾಕಿ ಅಂಚಿಗೆ ಬರುತ್ತದೆ. ವೇಗ ಹೆಚ್ಚಿದಂತೆ ಪ್ರತಿ ಸುತ್ತು ಹಿಂದಿನದಕ್ಕೆ ಹತ್ತಿರವಾಗುತ್ತ ಹೋಗುತ್ತದೆ. ಕೊನೆಯ ಸುತ್ತುಗಳ ನಡುವೆ ಉಳಿಯುವ ಅಂತರ ಸಹಜವಾಗಿ ಒಂದೆರಡು ಮಿಲಿಮೀಟರ್ ಮಾತ್ರ. ಆ ಸಂದಿನಲ್ಲಿ ತೆಳುವಾದ ಲೋಹದ ತಗಡು ನಿಲ್ಲಿಸಿ, ಅದರ ಆಚೆ ಬದಿಯ ಸುತ್ತನ್ನು ಮಾತ್ರ ಪ್ರಬಲ ವಿದ್ಯುತ್ ಕ್ಷೇತ್ರದಿಂದ ಹೊರಕ್ಕೆ ಬಾಗಿಸಬೇಕು. ಡಿಫ್ಲೆಕ್ಟರ್ ಎಂದರೆ ಇದೇ. ಆಮೇಲೆ ಕಿರಣ ಚಿಕ್ಕಚಿಕ್ಕ ಕಾಂತೀಯ ಮಾರ್ಗಗಳ ಸಾಲಿನೊಳಗೆ ನುಸುಳಿ ಹೊರಬರಬೇಕು. ಸುತ್ತು ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ತಗಡಿಗೆ ಬಡಿದು ಕಿರಣ ಅಲ್ಲೇ ಸಾಯುತ್ತದೆ. ಸುರುಳಿಯ ನಡುಬಿಂದು ಉಕ್ಕಿನ ನಡುಬಿಂದುವಿನಿಂದ ಮಿಲಿಮೀಟರಿನ ಒಂದು ಪಾಲು ತಪ್ಪಿದರೆ ಸಾಕು, ಕ್ಷೇತ್ರದಲ್ಲಿ ಒಂದು ಬದಿ ಹೆಚ್ಚು ಒಂದು ಬದಿ ಕಡಿಮೆ ಎಂಬ ಓರೆ ಹುಟ್ಟುತ್ತದೆ. ಐದು ಟೆಸ್ಲಾ ಅಂದರೆ ಐವತ್ತು ಸಾವಿರ ಗಾಸ್. ಅದರಲ್ಲಿ ಕೆಲವೇ ಗಾಸ್‌ಗಳ ಓರೆ, ಹತ್ತು ಸಾವಿರಕ್ಕೆ ಒಂದರಂಥ ತಪ್ಪು, ಅಂಚಿನ ಬಳಿ ಕಿರಣವನ್ನು ನಡುವಿನಿಂದ ತಳ್ಳಿಬಿಡುತ್ತದೆ. ಅಲ್ಲಿ ಕಣದ ಅಲುಗಾಟವೂ ಅದರ ಸುತ್ತೂ ಒಂದೇ ತಾಳಕ್ಕೆ ಬೀಳುವುದರಿಂದ ಚಿಕ್ಕ ಓರೆ ಸುತ್ತುಸುತ್ತಿಗೂ ಬೆಳೆಯುತ್ತದೆ.

ತಪ್ಪು ಎಲ್ಲಿದೆ ಎಂದು ನೋಡಲು ಯಂತ್ರವನ್ನು ಬೇಕೆಂದಾಗ ಬಿಚ್ಚಲಾಗದು. ಸುರುಳಿಯನ್ನು ತಣಿಸುವುದೂ ಬಿಸಿಮಾಡುವುದೂ ವಾರಗಟ್ಟಲೆಯ ಕೆಲಸ. ಹಾಗಾಗಿ ಕ್ಷೇತ್ರವನ್ನು ಮತ್ತೆ ಅಳೆದು, ಕಂಪ್ಯೂಟರಿನಲ್ಲಿ ಕಣದ ದಾರಿ ಮತ್ತೆ ಎಳೆದು, ಓರೆಯನ್ನು ಹುಡುಕಿ ತಿದ್ದುತ್ತ ಹೋದರು. 2009ರಿಂದ ಎಣಿಸಿದರೆ ಸುಮಾರು ಒಂದು ದಶಕ ಹಿಡಿಯಿತು. ನೈಟ್ರೋಜನ್ ಕಿರಣ ಕೊನೆಗೂ ಹೊರಬಂತು: ನಾಲ್ಕು ಎಲೆಕ್ಟ್ರಾನು ಕಳೆದುಕೊಂಡ ನೈಟ್ರೋಜನ್, 252 ಎಂಇವಿ ಶಕ್ತಿ. ಇದರ ಅರ್ಥ ಹಿಡಿಯಲು ಒಂದು ಲೆಕ್ಕ ಸಾಕು. ಆ ಶಕ್ತಿಯಲ್ಲಿ ನೈಟ್ರೋಜನ್ ಅಯಾನು ಬೆಳಕಿನ ವೇಗದ ಐದನೇ ಒಂದು ಪಾಲು ವೇಗದಲ್ಲಿ, ಸೆಕೆಂಡಿಗೆ ಸುಮಾರು 58 ಸಾವಿರ ಕಿಲೋಮೀಟರ್ ಓಡುತ್ತಿರುತ್ತದೆ. ಸುಮಾರು 1.3 ಮೀಟರ್ ಅಗಲದ ವೃತ್ತದಲ್ಲಿ ಸೆಕೆಂಡಿಗೆ 1 ಕೋಟಿ 40 ಲಕ್ಷದಷ್ಟು ಸುತ್ತು ಹಾಕುತ್ತದೆ. ಅದನ್ನು ಮಿಲಿಮೀಟರಿನ ಸಂದಿನಲ್ಲಿ ಹಿಡಿದು ಹೊರಗೆಳೆದವರು ನಮ್ಮವರು.

ಈ ವಿಳಂಬವನ್ನು ಸೋಲೆಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ವರ್ಷಗಳು ಕಳೆದವು ನಿಜ, ಅಷ್ಟರಲ್ಲಿ ಹೊರಗಿನ ಜಗತ್ತು ಮುಂದೆ ಹೋಯಿತು ಎಂಬುದೂ ನಿಜ. ಆ ಹತ್ತು ವರ್ಷದಲ್ಲಿ ದೊಡ್ಡ ಅತಿವಾಹಕ ಅಯಸ್ಕಾಂತ ಸುತ್ತಲು, ತಣಿಸಲು, ಹತ್ತು ಸಾವಿರಕ್ಕೊಂದರ ಅಳತೆಯಲ್ಲಿ ಕ್ಷೇತ್ರ ಓದಲು ಬಲ್ಲ ಒಂದು ತಂಡ ತಯಾರಾಯಿತು. ದುಡ್ಡು ಕೊಟ್ಟು ತರಿಸಿದ ಯಂತ್ರದ ಜತೆ ಆ ತಿಳಿವಳಿಕೆ ಬರುವುದಿಲ್ಲ. ನನ್ನ ದೂರು ಬೇರೆ: ಆ ತಿಳಿವಳಿಕೆ ಕೆಲವು ಮಹಾನಗರಗಳ ಗೋಡೆಯೊಳಗೇ ಉಳಿದಿದೆ, ವಿಶ್ವವಿದ್ಯಾಲಯಗಳಿಗೆ ಇಳಿದಿಲ್ಲ.

ಜಗತ್ತು ಎತ್ತ ಹೋಗಿದೆ ಎಂಬುದು ಎರಡು ದಿಕ್ಕಿನ ಮಾತು. ಸಂಶೋಧನೆಯ ತುದಿಯಲ್ಲಿ ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆ 2006ರಲ್ಲಿ 8,300 ಟನ್ ತೂಕದ ಅತಿವಾಹಕ ರಿಂಗ್ ಸೈಕ್ಲೋಟ್ರಾನ್ ನಡೆಸಿತು; ಯುರೇನಿಯಂ ಅಯಾನುಗಳನ್ನೂ ಓಡಿಸುವ ಯಂತ್ರ ಅದು. ಮಿಷಿಗನ್ ಮಾತ್ರ ದಾರಿ ಬದಲಿಸಿತು. ಹೆಚ್ಚು ದಟ್ಟವಾದ ಕಿರಣ ಬೇಕೆಂದು ನೇರ ವೇಗವರ್ಧಕ ಕಟ್ಟಿ 2022ರಲ್ಲಿ ಬಳಕೆಗೆ ತೆರೆಯಿತು. ತನ್ನ ಹಳೆಯ ಕೆ-500ನ್ನು ಬಾಹ್ಯಾಕಾಶಕ್ಕೆ ಹೋಗುವ ಎಲೆಕ್ಟ್ರಾನಿಕ್ ಚಿಪ್‌ಗಳು ಕಣಗಳ ಪೆಟ್ಟು ತಾಳುತ್ತವೆಯೇ ಎಂದು ಪರೀಕ್ಷಿಸುವ ಕೆಲಸಕ್ಕೆ ಹಚ್ಚಿತು. ಭಾರ ಅಯಾನುಗಳ ದೊಡ್ಡ ಸಂಶೋಧನೆಯಲ್ಲಿ ಅತಿವಾಹಕ ಸೈಕ್ಲೋಟ್ರಾನ್‌ನ ಏರುಕಾಲ ಮುಗಿದಿದೆ ಎಂದೇ ನನ್ನ ತೀರ್ಮಾನ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರವೂ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ (ಟಿಐಎಫ್‌ಆರ್) ಪೆಲೆಟ್ರಾನ್ ಎಂಬ ವೇಗವರ್ಧಕದ ಜತೆಗೆ ಅತಿವಾಹಕ ನೇರ ವೇಗವರ್ಧಕವನ್ನೇ ಜೋಡಿಸಿಕೊಂಡವು.

ಇನ್ನೊಂದು ದಿಕ್ಕು ಆಸ್ಪತ್ರೆಯದು, ಅಲ್ಲಿ ಏರು ಈಗ ನಡೆದಿದೆ. ಬ್ಲಾಸರ್ ಅವರೇ 1990ರ ದಶಕದ ಆರಂಭದಲ್ಲಿ ಡೆಟ್ರಾಯಿಟ್‌ನ ಹಾರ್ಪರ್ ಆಸ್ಪತ್ರೆಗೆ ರೋಗಿಯ ಸುತ್ತ ತಿರುಗುವ ಚಿಕ್ಕ ಅತಿವಾಹಕ ಸೈಕ್ಲೋಟ್ರಾನ್ ಮಾಡಿಕೊಟ್ಟರು. ಸ್ವಿಟ್ಜರ್ಲೆಂಡಿನ ಪಾಲ್ ಷೆರರ್ ಸಂಸ್ಥೆಯಲ್ಲಿ 2007ರಿಂದ 250 ಎಂಇವಿ ಅತಿವಾಹಕ ಯಂತ್ರದ ಪ್ರೋಟಾನ್ ಕಿರಣ ಕ್ಯಾನ್ಸರ್ ಗಡ್ಡೆಗಳಿಗೆ ಚಿಕಿತ್ಸೆ ಕೊಡುತ್ತಿದೆ. ನಮ್ಮಲ್ಲಿ ಪ್ರೋಟಾನ್ ಚಿಕಿತ್ಸೆ 2019ರಲ್ಲಿ ಚೆನ್ನೈಯ ಖಾಸಗಿ ಆಸ್ಪತ್ರೆಯೊಂದರಲ್ಲಿ, 2023ರಲ್ಲಿ ನವಿ ಮುಂಬೈಯ ಟಾಟಾ ಕೇಂದ್ರದಲ್ಲಿ ಶುರುವಾಯಿತು. ಅಲ್ಲಿರುವವು ಇನ್ನೂರು ಟನ್ ದಾಟುವ ಮಾಮೂಲಿ ಸುರುಳಿಯ ಯಂತ್ರಗಳು. ಅಮೆರಿಕದಲ್ಲಿ ದ್ರವ ಹೀಲಿಯಂ ತುಂಬಿಸುವ ಗೊಡವೆಯೇ ಇಲ್ಲದೆ ಯಾಂತ್ರಿಕ ಶೀತಕದಿಂದಲೇ ತಣಿಯುವ ಪುಟ್ಟ ಅತಿವಾಹಕ ಸೈಕ್ಲೋಟ್ರಾನ್‌ಗಳು ಆಸ್ಪತ್ರೆಗಳೊಳಗೇ ಕೂತಿವೆ. ಹೃದಯದ ಸ್ಕ್ಯಾನ್‌ಗೆ ಬೇಕಾದ ನೈಟ್ರೋಜನ್-13ನ್ನು ಅಲ್ಲೇ ತಯಾರಿಸುತ್ತವೆ. ಅದರ ಅರ್ಧಾಯುಷ್ಯ ಹತ್ತು ನಿಮಿಷ. ತಯಾರಿಸಿದ ಕಡೆಯೇ ಬಳಸಬೇಕು.

ಈ ಅರ್ಧಾಯುಷ್ಯದ ಮಾತು ನಮ್ಮ ಜಿಲ್ಲೆಗೆ ನೇರವಾಗಿ ತಾಗುತ್ತದೆ. ಕ್ಯಾನ್ಸರ್ ಎಲ್ಲೆಲ್ಲಿ ಹಬ್ಬಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್‌ಗೆ ಫ್ಲೋರಿನ್-18 ಬೇಕು. ಅದು ಸೈಕ್ಲೋಟ್ರಾನ್‌ನಲ್ಲಿ ಹುಟ್ಟುವ ವಸ್ತು, 110 ನಿಮಿಷಕ್ಕೆ ಅರ್ಧವಾಗುತ್ತದೆ. ಬೆಂಗಳೂರಿನಲ್ಲಿ ತಯಾರಾದದ್ದು ರಸ್ತೆಯಲ್ಲಿ ಏಳು ತಾಸು ಓಡಿ ಕೊಪ್ಪಳ ಮುಟ್ಟಿದರೆ ಹದಿನಾಲ್ಕರಲ್ಲಿ ಒಂದು ಪಾಲು ಉಳಿದಿರುತ್ತದೆ. ಕುಷ್ಟಗಿಯ ರೈತನೊಬ್ಬ ಈ ಪರೀಕ್ಷೆಗೆ ದೂರದ ಊರಿಗೆ ಹೋಗಿ ಛತ್ರದಲ್ಲಿ ಉಳಿಯಬೇಕಾದದ್ದಕ್ಕೆ ಒಂದು ಕಾರಣ ಈ ಭೌತಶಾಸ್ತ್ರ. ಇದಕ್ಕೆ ಕೆ-500ರಂಥದ್ದು ಬೇಕಿಲ್ಲ; ಹತ್ತರಿಂದ ಹದಿನೆಂಟು ಎಂಇವಿಯ ಚಿಕ್ಕ ವೈದ್ಯಕೀಯ ಸೈಕ್ಲೋಟ್ರಾನ್ ಸಾಕು, ಅತಿವಾಹಕವೇ ಆಗಬೇಕೆಂದೂ ಇಲ್ಲ. ಹುಬ್ಬಳ್ಳಿಯಲ್ಲೋ ಬಳ್ಳಾರಿಯಲ್ಲೋ ಸರ್ಕಾರಿ ಒಡೆತನದ ಒಂದು ಯಂತ್ರ ನಿಂತರೆ ಕೊಪ್ಪಳ, ಗದಗ, ವಿಜಯನಗರ, ರಾಯಚೂರು ಜಿಲ್ಲೆಗಳ ಆಸ್ಪತ್ರೆಗಳಿಗೆ ಬೆಳಗಿನ ಔಷಧ ಬೆಳಗ್ಗೆಯೇ ತಲುಪುತ್ತದೆ. ಕೋಲ್ಕತ್ತದಲ್ಲಿ 2018ರಿಂದ 30 ಎಂಇವಿಯ ಸರ್ಕಾರಿ ವೈದ್ಯಕೀಯ ಸೈಕ್ಲೋಟ್ರಾನ್ ನಡೆಯುತ್ತಿದೆ. ಮಾಡಲಾಗದ ಕೆಲಸವೇನೂ ಅಲ್ಲ.

ಸೈಕ್ಲೋಟ್ರಾನ್ ಜತೆ ಗಂಗಾವತಿಗೆ ಇದಕ್ಕಿಂತ ಹತ್ತಿರದ ಸಂಬಂಧ ಇದೆ. ಎಡದಂಡೆ ಕಾಲುವೆಯ ನೀರು ಬಂದು ದಶಕಗಳ ಕಾಲ ಭತ್ತದ ಮೇಲೆ ಭತ್ತ ಬೆಳೆದ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಸವುಳು-ಜವುಳು ನುಂಗಿದ ಹೊಲಗಳಿವೆ. ತಗ್ಗಿನ ಹೊಲದಲ್ಲಿ ನೀರು ಬಸಿಯುವುದಿಲ್ಲ, ಬೇಸಿಗೆಯಲ್ಲಿ ಉಪ್ಪು ಮೇಲೆ ಬಂದು ಬೆಳ್ಳಗೆ ಕೂರುತ್ತದೆ, ನಾಟಿ ಮಾಡಿದ ಪೈರು ಎಲೆ ತುದಿ ಸುಟ್ಟು ಕುಗ್ಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ಮಣ್ಣನ್ನೇ ಅಭ್ಯಾಸ ಮಾಡುತ್ತದೆ. ಉಪ್ಪು ತಾಳುವ ಗಂಗಾವತಿ ಸೋನಾ ತಳಿ ಬಂದದ್ದೂ ಅಲ್ಲಿಂದಲೇ.

ಇಂಥ ತಳಿ ಹುಡುಕಲು ಸೈಕ್ಲೋಟ್ರಾನ್ ಕೂಡ ಒಂದು ದಾರಿ: ಜಪಾನಿನಲ್ಲಿ ಅದರ ಅಯಾನು ಕಿರಣವನ್ನು ಬೀಜಕ್ಕೆ ಹಾಯಿಸಿ ಹೊಸ ತಳಿ ಹುಡುಕುವುದು ಮೂರು ದಶಕಗಳಿಂದ ನಡೆದುಬಂದ ಕಸುಬು. ಗಾಮಾ ಕಿರಣ ಬೀಜದ ತುಂಬ ತೆಳುವಾಗಿ ಪೆಟ್ಟು ಹಂಚುತ್ತದೆ. ಅಯಾನು ತನ್ನ ದಾರಿಯುದ್ದಕ್ಕೂ ದಟ್ಟವಾಗಿ ಪೆಟ್ಟು ಕೊಡುತ್ತದೆ, ಹಾಗಾಗಿ ಕಡಿಮೆ ಪ್ರಮಾಣದಲ್ಲೇ ವಂಶವಾಹಿ ಬದಲಾಗುತ್ತದೆ. ತಕಾಸಾಕಿಯಲ್ಲಿ 320 ಎಂಇವಿ ಇಂಗಾಲದ ಕಿರಣ ಹಾಯಿಸಿದ ಕೋಶಿಹಿಕಾರಿ ಭತ್ತದಿಂದ ಮಣ್ಣಿನ ಕ್ಯಾಡ್ಮಿಯಂ ವಿಷವನ್ನು ಹೆಚ್ಚುಕಡಿಮೆ ಹೀರದ ತಳಿ ದೊರಕಿತು. 2012ರಲ್ಲಿ ಅದರ ವರದಿ ಪ್ರಕಟವಾಯಿತು. ರಿಕೆನ್ 2011ರ ಸುನಾಮಿಯಿಂದ ಉಪ್ಪಾದ ಗದ್ದೆಗಳಿಗಾಗಿ ಉಪ್ಪು ತಾಳುವ ಭತ್ತದ ಸಾಲುಗಳನ್ನು ಇದೇ ದಾರಿಯಲ್ಲಿ ಹುಡುಕಿತು. ತಕಾಸಾಕಿಯಲ್ಲಿ ಬೀಜಕ್ಕೆ ಬಳಸುವ ಇನ್ನೊಂದು ಕಿರಣ 220 ಎಂಇವಿ ಇಂಗಾಲದ್ದು, ಅಂದರೆ ಪರಮಾಣುವಿನ ಒಂದೊಂದು ನ್ಯೂಕ್ಲಿಯಾನ್‌ಗೆ (ಪ್ರೋಟಾನ್ ಇಲ್ಲವೇ ನ್ಯೂಟ್ರಾನ್‌ಗೆ) ಸುಮಾರು 18 ಎಂಇವಿ. ಕೋಲ್ಕತ್ತದ 252 ಎಂಇವಿ ನೈಟ್ರೋಜನ್‌ನದೂ ನ್ಯೂಕ್ಲಿಯಾನ್‌ಗೆ ಸರಿಯಾಗಿ 18 ಎಂಇವಿಯೇ. ಆ ಕಿರಣ ನೀರಿನಲ್ಲಿ ಹತ್ತಿರಹತ್ತಿರ ಒಂದು ಮಿಲಿಮೀಟರ್ ಆಳಕ್ಕೆ ಹೋಗಿ ನಿಲ್ಲುತ್ತದೆ. ಭತ್ತದ ಸಿಪ್ಪೆ ಬಿಡಿಸಿದರೆ ಮೊಳಕೆಯೊಡೆಯುವ ಭಾಗ ಅಕ್ಕಿಯ ತುದಿಯಲ್ಲಿ, ಹೊರಮೈಯಲ್ಲೇ ಇರುತ್ತದೆ. ಅಷ್ಟು ಆಳ ಸಾಕು.

ವಿಕಿರಣದ ತಳಿ ನಮ್ಮ ರೈತರಿಗೆ ಹೊಸದೂ ಅಲ್ಲ. ಭಾಭಾ ಕೇಂದ್ರದ ಟ್ರಾಂಬೆ ಶೇಂಗಾ ತಳಿಗಳಲ್ಲಿ ಹೆಸರಾದ ಟಿಎಜಿ-24 ವಿಕಿರಣದಿಂದ ಬದಲಾದ ಗಿಡಗಳ ವಂಶದ್ದೇ. ಕಿರಣ ಹಾಯಿಸಿದ ಬೀಜದಲ್ಲಿ ವಿಕಿರಣ ಉಳಿಯುತ್ತದೆ ಎಂಬ ಅಂಜಿಕೆಗೂ ಆಧಾರವಿಲ್ಲ. ತಳಿಯಾಗಿ ಹೊಲಕ್ಕೆ ಬರುವುದು ಹಲವು ತಲೆಮಾರುಗಳ ನಂತರದ ಬೀಜ. ಮೊದಲ ತಲೆಮಾರಿನಲ್ಲಿ ಬಹುಪಾಲು ಸಸಿಗಳು ಸಪ್ಪೆಯಾಗಬಹುದು, ಸಾವಿರಾರು ಸಾಲುಗಳಲ್ಲಿ ಒಂದೆರಡು ಮಾತ್ರ ಕೈಗೆ ಹತ್ತಬಹುದು. ಆ ಒಂದೆರಡನ್ನು ಗುರುತಿಸಲು ಬೇಕಾದ ನಿಜವಾದ ಸವುಳು ಹೊಲ ಕೋಲ್ಕತ್ತದ ಬಿಧಾನನಗರದಲ್ಲಿಲ್ಲ, ಗಂಗಾವತಿಯಲ್ಲಿದೆ.

ಕೊಪ್ಪಳ ಜಿಲ್ಲೆಗೆ ದೊಡ್ಡ ಸೈಕ್ಲೋಟ್ರಾನ್ ಬೇಕೆಂದು ನಾನು ಕೇಳುತ್ತಿಲ್ಲ; ಅದನ್ನು ಸಾಕುವ ವಿದ್ಯುತ್ತು, ಹೀಲಿಯಂ, ತಂತ್ರಜ್ಞರ ಪಡೆ ಇಲ್ಲದ ಕಡೆ ಯಂತ್ರ ತಂದಿಟ್ಟರೆ ಅದು ಬೀಗ ಹಾಕಿದ ಕಟ್ಟಡವಾಗುತ್ತದೆ. ಇರುವ ಕಿರಣವನ್ನು ನಾವು ಬಳಸಬೇಕು. ದೆಹಲಿಯ ಕೇಂದ್ರವನ್ನು ಕಟ್ಟಿದ್ದೇ ವಿಶ್ವವಿದ್ಯಾಲಯಗಳ ಬಳಕೆಗೆ. ಕೋಲ್ಕತ್ತದಲ್ಲೂ ಹೊರಗಿನ ಸಂಶೋಧಕರು ಅರ್ಜಿ ಹಾಕಿ ಕಿರಣದ ಸಮಯ ಪಡೆಯುತ್ತಾರೆ. ಯಲಬುರ್ಗಾ ಸೀಮೆಯ ತಳಕಲ್ಲಿನಲ್ಲಿ ಈಗ ಕೊಪ್ಪಳ ವಿಶ್ವವಿದ್ಯಾಲಯವಿದೆ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ನಿರ್ವಾತ ಪಂಪು, ಶೀತಕ, ರೇಡಿಯೋ ಅಲೆಯ ಸರ್ಕ್ಯೂಟು ಗೊತ್ತಿರುವ ಹುಡುಗ ಹುಡುಗಿಯರು ಅಲ್ಲಿ ತಯಾರಾದರೆ ಎಂಆರ್‌ಐ ಯಂತ್ರದ ದುರಸ್ತಿಯಿಂದ ಹಿಡಿದು ವೇಗವರ್ಧಕದ ಕಂಟ್ರೋಲ್ ರೂಮಿನವರೆಗೆ ಅವರಿಗೆ ಕೆಲಸವಿದೆ. ಅಲ್ಲಿನ ಪ್ರಾಧ್ಯಾಪಕರಿಗೂ ಗಂಗಾವತಿ ಕೇಂದ್ರದ ತಳಿ ವಿಜ್ಞಾನಿಗಳಿಗೂ ನನ್ನ ಬೇಡಿಕೆ ಇಷ್ಟೇ: ಒಟ್ಟಿಗೆ ಕೂತು ಒಂದು ಜಂಟಿ ಅರ್ಜಿ ಬರೆಯಿರಿ, ಗಂಗಾವತಿ ಸೋನಾದ ಬೀಜವನ್ನು ಕೋಲ್ಕತ್ತಕ್ಕೆ ಕಳಿಸಿ, ಕಿರಣ ಹಾಯಿಸಿ ತಂದದ್ದನ್ನು ಕಾರಟಗಿಯ ಸವುಳು ಗದ್ದೆಯಲ್ಲಿ ಬಿತ್ತಿ ನೋಡಿ. ಅದಕ್ಕೆ ಬೇಕಾದ ಯಂತ್ರವನ್ನು ದೇಶ ಈಗಾಗಲೇ ಕಟ್ಟಿ ಮುಗಿಸಿದೆ.